ಬೆಟ್ಟದ ಹಿಂದಿನ ಮಳೆ

ನನಗೆ ಫೋನ್ ಮಾಡುವವರಿಗೆಲ್ಲ ಬೇಕಾದದ್ದು ಆಕಾಶದ ಸುದ್ದಿ. ಅಕ್ಕನಿಗೆ ರಜಾಯಿ ಒಗೆಯಬೇಕು, ಭಾವನಿಗೆ ಮನೆಗೆ ಬಣ್ಣ ಹೊಡೆಸಬೇಕು, ಕೆಳಗಿನ ಮನೆಯವರಿಗೆ ಸ್ಕೂಟರ್ ತೊಳೆಯಬೇಕು. "ನಾಳೆ ಹೇಗೆ?" ಎಂದು ಕೇಳಿ, ಉತ್ತರ ಸಿಕ್ಕಿದ ಕೂಡಲೇ ಇಟ್ಟುಬಿಡುತ್ತಾರೆ. ಉತ್ತರ ತಪ್ಪಾದರೆ ಮಾತ್ರ ಇನ್ನೊಂದು ಸಲ ಮಾಡುತ್ತಾರೆ, ಬೈಯುವುದಕ್ಕೆ. ಸರ್ಕಾರಕ್ಕೆ ಮಳೆಯ ಮುನ್ಸೂಚನೆ ಕೊಡುವ ಸಾಫ್ಟ್‌ವೇರ್ ಮಾಡುವುದು ನನ್ನ ಕೆಲಸ. ಮೋಡಗಳನ್ನು ನಾನೇ ಹಿಂದೆ ನಿಂತು ತಳ್ಳುತ್ತೇನೆ ಎಂಬುದು ಬಂಧುಬಳಗದ ನಂಬಿಕೆ.

ಹೊಲಿಗೆಯಕ್ಕ ಒಬ್ಬಳು ಮಾತ್ರ "ಊಟ ಆಯ್ತಾ ಮೇಡಂ?" ಎಂದು ಕೇಳುತ್ತಿದ್ದಳು.

ಅವಳನ್ನು ನಾನು ನೋಡಿಲ್ಲ. ನಮ್ಮ ರೇಡಾರಿಗೆ ಒಂದು ಬೆಟ್ಟ ಅಡ್ಡ. ಅದರ ಹಿಂದಿನ ಕಣಿವೆಯಲ್ಲಿ ಮಳೆ ಸುರಿದರೂ ಒಂದೇ, ಬಿಟ್ಟರೂ ಒಂದೇ, ರೇಡಾರಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಅಲ್ಲೊಬ್ಬರನ್ನು ಗೊತ್ತುಮಾಡಿ, ಮಳೆಗಾಲವಿಡೀ ದಿನಾ ಮಧ್ಯಾಹ್ನ ಫೋನ್ ಮಾಡಿ ಕೇಳುವ ಪದ್ಧತಿ ಇತ್ತು. ಮಳೆ ಇಲ್ಲ ಎಂದರೆ ಥ್ಯಾಂಕ್ಸ್ ಹೇಳಿ ಇಡಬೇಕು. ಇದೆ ಎಂದರೆ, ಅದು ನಿಲ್ಲುವ ತನಕ ಅರ್ಧ ಗಂಟೆಗೊಮ್ಮೆ ಮತ್ತೆ ಮಾಡಿ, ತುಂತುರೋ ಜೋರೋ ಎಂದು ವಿಚಾರಿಸಬೇಕು. ಆ ಉತ್ತರಗಳಿಂದಲೇ ನನ್ನ ಸಾಫ್ಟ್‌ವೇರ್ ಬೆಟ್ಟದ ಹಿಂದಿನ ಮಳೆಯನ್ನು ಮುಂಚಿತವಾಗಿ ಹೇಳಲು ಕಲಿಯುತ್ತಿತ್ತು. ಕಣಿವೆಯ ಬಸ್ ನಿಲ್ದಾಣದೆದುರು ಹೊಲಿಗೆ ಅಂಗಡಿ ಇಟ್ಟುಕೊಂಡು, ಅದರ ಹಿಂದಿನ ಕೋಣೆಯಲ್ಲೇ ಒಂಟಿಯಾಗಿದ್ದ ಆ ಹೆಂಗಸು ಈ ಕೆಲಸಕ್ಕೆ ಒಪ್ಪಿದ್ದಳು.

ಮೊದಮೊದಲು "ಜೋರಿದೆ ಮೇಡಂ" ಎನ್ನುವುದಕ್ಕೇ ಮಾತು ಮುಗಿಯುತ್ತಿತ್ತು. ಆಮೇಲೆ ಉದ್ದವಾಯಿತು. ಮಾತಿನೊಳಗೆ ಶಾಲೆಯ ಮಕ್ಕಳ ಯೂನಿಫಾರ್ಮ್ ಬಂತು, ಪೊಲೀಸಪ್ಪನ ಪ್ಯಾಂಟು ಬಂತು.

"ಸೊಂಟ ಬಿಚ್ಚಿ ಬಿಚ್ಚಿ ಒಳಗೆ ಬಟ್ಟೇನೇ ಉಳಿದಿಲ್ಲ ಮೇಡಂ. ಇನ್ನು ಪ್ಯಾಂಟ್ ತರ್ಬೇಡಿ, ಹೊಟ್ಟೇನೇ ಬಿಟ್ಟು ಹೋಗಿ, ಟೈಟ್ ಮಾಡಿಡ್ತೀನಿ ಅಂದೆ."

ನಾನು ಕಚೇರಿಯಲ್ಲಿ ಒಬ್ಬಳೇ ಕೂತು ನಗುತ್ತಿದ್ದೆ. ನನ್ನ ದವಡೆ ಹಲ್ಲಿನ ನೋವು ಅವಳಿಗೆ ಗೊತ್ತಿತ್ತು, ನನ್ನ ಸ್ವಂತ ಅಕ್ಕನಿಗೆ ಗೊತ್ತಿರಲಿಲ್ಲ.

ಈ ವರ್ಷ ಆ ಕಣಿವೆಯಲ್ಲಿ ಮಳೆಯೋ ಮಳೆ. ಸಂಜೆಯೊಳಗೆ ನಾಲ್ಕೈದು ಸಲ ಫೋನ್ ಮಾಡಬೇಕಾಗುತ್ತಿತ್ತು. ಬೇಕಾಗುತ್ತಿತ್ತು ಎಂದು ಮೂಗು ಮುರಿಯುವ ಹಾಗೇನೂ ಇರಲಿಲ್ಲ, ನಾನು ಗಡಿಯಾರ ನೋಡುತ್ತಲೇ ಕೂತಿರುತ್ತಿದ್ದೆ.

ಒಂದು ದಿನ ನನ್ನ ಸಾಫ್ಟ್‌ವೇರ್ ಕಣಿವೆಗೆ ಭಾರಿ ಮಳೆ ಎಂದು ಎಚ್ಚರಿಕೆ ಕೊಟ್ಟಿತು. ಜಿಲ್ಲಾಧಿಕಾರಿ ಶಾಲೆ ಮುಚ್ಚಿಸಿದರು, ಬೆಟ್ಟದ ದಾರಿಯ ಬಸ್ಸು ನಿಲ್ಲಿಸಿದರು. ಬೆಳಗಿನಿಂದ ಸಂಜೆ ತನಕ ರಣಬಿಸಿಲು. ಆಸ್ಪತ್ರೆಗೆ ಹೋಗಬೇಕಾದವರು ಬಾರದ ಬಸ್ಸಿಗಾಗಿ ಆ ಬಿಸಿಲಲ್ಲೇ ಕಾದು ವಾಪಸ್ಸಾದರು. ನಮ್ಮ ನಿರ್ದೇಶಕರು ನನ್ನನ್ನು ಕರೆಸಿದರು.

"ಮಳೆ ಬಂದ್ರೆ ಕೇಡಲ್ಲ ಅಂತಾರಮ್ಮ. ನಿನ್ನ ಈ ಬಾರದ ಮಳೆಯಿಂದ ನನ್ನ ಕುರ್ಚಿಗೇ ಕೇಡು. ಇನ್ನೊಂದು ಸಲ ಹೀಗಾದ್ರೆ ನಿನ್ನ ಸಾಫ್ಟ್‌ವೇರ್ ಮೂಲೆಗೆ."

"ಅಲ್ಲಿ ಮಳೆ ಜಾಸ್ತಿ ಸಾರ್. ದಿನಾ ನಾನೇ ಕೇಳ್ತಿದ್ದೀನಲ್ಲ."

ಅವರು ಸದ್ದಿಲ್ಲದೆ ಮೆಕ್ಯಾನಿಕನನ್ನು ಕಳಿಸಿ, ಕಣಿವೆಯ ಶಾಲೆಯ ಮಾಳಿಗೆ ಮೇಲೆ ತಾನೇ ಲೆಕ್ಕ ಕಳಿಸುವ ಮಳೆಮಾಪಕ ಹಾಕಿಸಿದರು. ಕೆಲವು ವಾರ ಕಳೆದ ಮೇಲೆ ನನ್ನ ಮುಂದೆ ಅದರ ಲೆಕ್ಕ ಇಟ್ಟರು. ಹೊಲಿಗೆಯಕ್ಕ ಜೋರು ಮಳೆ ಎಂದ ಎಷ್ಟೋ ದಿನಗಳಲ್ಲಿ ಮಾಪಕ ಒಣಗಿಕೊಂಡಿತ್ತು. ಪಕ್ಕದಲ್ಲಿ ಅವೇ ದಿನಗಳ ಉಪಗ್ರಹದ ಚಿತ್ರಗಳನ್ನೂ ಹರಡಿದರು.

"ಒಂದು ತುಂಡು ಮೋಡಾನೂ ಇಲ್ಲ. ಈ ಚಿತ್ರಗಳು ದಿನಾ ನಿನ್ನ ಕಂಪ್ಯೂಟರಲ್ಲೇ ಇರ್ತಾವಲ್ಲ, ಕಣ್ಣಿಗೆ ಬೀಳಲಿಲ್ವಾ?"

ಬಿದ್ದಿದ್ದವು. ಇಷ್ಟು ಓದಿಕೊಂಡ ನಾನು ಮೋಡವಿಲ್ಲದ ಮಳೆಯನ್ನು ನಂಬಿದ್ದೆ. ತಲೆ ತಗ್ಗಿಸಿಕೊಂಡು ಹೊರಗೆ ಬಂದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವ ಹಾಗೆ, ನೇರವಾಗಿ ಅವಳಿಗೆ ಫೋನ್ ಹಚ್ಚಿದೆ.

"ಊಟ ಆಯ್ತಾ ಮೇಡಂ?"

"ಊಟ ಹಾಗಿರಲಿ. ಇಷ್ಟು ದಿನ ನನಗೆ ಸುಳ್ಳು ಹೇಳಿದ್ರಾ? ಅಲ್ಲಿ ಮಳೇನೇ ಇರಲಿಲ್ಲವಂತೆ!"

ಹೊಲಿಗೆ ಯಂತ್ರದ ಸದ್ದು ನಿಂತಿತು.

"ಇಲ್ಲ ಅಂದ್ರೆ ನೀವು ಇಟ್ಬಿಡ್ತೀರಲ್ಲ ಮೇಡಂ."

ನನಗೂ ಇಡುವುದಕ್ಕೆ ಮನಸ್ಸಿರುತ್ತಿರಲಿಲ್ಲ ಅಕ್ಕ ಎಂದು ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎಲ್ಲಿತ್ತೋ ನನ್ನೊಳಗಿನ ಅಧಿಕಾರಿಯ ಗಂಟಲು, "ಇದು ಸರ್ಕಾರದ ಕೆಲಸ, ಹುಡುಗಾಟ ಅಲ್ಲ. ನಿಮ್ಮಿಂದ ಎಷ್ಟು ಜನಕ್ಕೆ ತೊಂದರೆ ಆಯ್ತು ಗೊತ್ತಾ?" ಎಂದಿತು.

"ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ. ಇನ್ನು ತೊಂದ್ರೆ ಕೊಡಲ್ಲ" ಎಂದಳು. ನಾನು ಇಟ್ಟೆ.

ಅವಳ ಉತ್ತರಗಳನ್ನೆಲ್ಲ ತೆಗೆದುಹಾಕಿ, ಸಾಫ್ಟ್‌ವೇರಿಗೆ ಮೊದಲಿಂದ ಕಲಿಸಿದೆ. ಈಗ ಮಾಪಕ ತಾನಾಗಿಯೇ ಲೆಕ್ಕ ಕಳಿಸುತ್ತದೆ, ಯಾರಿಗೂ ಫೋನ್ ಮಾಡಬೇಕಾಗಿಲ್ಲ. ಮಧ್ಯಾಹ್ನವಾಗುತ್ತಲೇ ಕೈ ಸುಮ್ಮನೆ ಫೋನಿನ ಕಡೆ ಹೋಗುತ್ತಿತ್ತು. ಹೋದ ಕೈಯಿಂದ ಮೇಜು ಒರೆಸುತ್ತಿದ್ದೆ. ನನಗೆ ಅವಳಿಲ್ಲದೆ ಬಹಳ ಬೇಜಾರಾಗುತ್ತಿತ್ತು. ಇದನ್ನು ಹೇಳಿಕೊಳ್ಳುವುದಕ್ಕೆ ಇದ್ದವಳೂ ಅವಳೊಬ್ಬಳೇ.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಫ್ಟ್‌ವೇರ್ ಮತ್ತೊಮ್ಮೆ ಕಣಿವೆಗೆ ಭಾರಿ ಮಳೆ ಎಂದಿತು. ನಿರ್ದೇಶಕರು ಉಪಗ್ರಹದ ಚಿತ್ರ ನೋಡಿ, ನನ್ನ ಮುಖ ನೋಡಿ, ಎಚ್ಚರಿಕೆಗೆ ಸಹಿ ಹಾಕಿದರು. ಬಸ್ಸು ನಿಂತಿತು. ಸ್ವಲ್ಪ ಹೊತ್ತಿಗೆಲ್ಲ ಬೆಟ್ಟದ ದಾರಿಗೆ ಮಣ್ಣು ಕುಸಿಯಿತು, ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. "ಭೇಷ್, ಗೆದ್ದೆ ಬಿಡಮ್ಮ" ಎಂದು ಬೆನ್ನು ತಟ್ಟಿದರು. ಎಲ್ಲರೂ ಕೈ ಕುಲುಕಿ ಮನೆಗೆ ಹೋದರು. ಅಕ್ಕನ ಫೋನ್ ಬಂತು. ರಜಾಯಿ ಒಳಗೆ ತರಬೇಕೋ ಬೇಡವೋ ಎಂದು ಕೇಳಿದಳು.

ಕಣಿವೆಯ ಮಾಪಕದ ಅಂಕಿ ಏರುತ್ತಲೇ ಇತ್ತು. ನನ್ನ ಸ್ವಂತ ಮೊಬೈಲಿನಿಂದ ಹೊಲಿಗೆಯಕ್ಕನಿಗೆ ಮಾಡಿದೆ.

ಎತ್ತಿದಳು. ಸೂರಿನ ತಗಡಿನ ಮೇಲೆ ಮಳೆ ಬಡಿಯುವ ಅಬ್ಬರದಲ್ಲಿ ಅವಳ ಹಲೋ ಕೇಳಿಸಲೇ ಇಲ್ಲ.

"ಅಕ್ಕಾ, ನಾನು!"

"ಯಾರು? ಜೋರಾಗಿ ಹೇಳಿ!"

"ನಾನು, ಮಳೆ ಆಫೀಸಿನವಳು!"

ಅವಳು ಆ ಅಬ್ಬರವನ್ನು ಮೀರಿಸಲು ಗಂಟಲು ಹರಿಯುವಂತೆ ಕೂಗಿದಳು.

"ಇಲ್ಲ ಮೇಡಂ, ಇಲ್ಲಿ ಮಳೆ ಇಲ್ಲ! ಒಂದು ಹನೀನೂ ಇಲ್ಲ! ನೀವು ಇಡಬಹುದು!"

ನಾನು ಬಾಯಿ ತೆರೆಯುವುದರೊಳಗೆ ಅವಳೇ ಇಟ್ಟಳು. ಮತ್ತೆ ಮಾಡಿದೆ. ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ.