ಅಕ್ಕಿಕಾಳು ಬಿದ್ದ ಹೊತ್ತು

ನಾನು ಒಂದು ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ. ಸುಮ್ಮನೆ ಕುಳಿತಿರುವುದು ನನ್ನ ಹುಟ್ಟುಗುಣವಲ್ಲ. ಕಡಲಾಚೆಯ ಕಾರ್ಖಾನೆಯಲ್ಲಿ ಬಿಳಿ ಟೊಪ್ಪಿ ತೊಟ್ಟ ಹೆಂಗಸೊಬ್ಬಳು ನನಗೆ ಮೊದಲ ಸಲ ಬ್ಯಾಟರಿ ಹಾಕಿದ ಕ್ಷಣದಿಂದಲೇ ನನ್ನ ಕಣ್ಣು ಹತ್ತಿರಕ್ಕೂ ದೂರಕ್ಕೂ ಓಡಾಡತೊಡಗಿತು. ಲೆನ್ಸು ಜರ್ರೆಂದು ತಿರುಗಬೇಕು, ಏನನ್ನಾದರೂ ಹಿಡಿಯಬೇಕು, ಬಿಟ್ಟು ಇನ್ನೊಂದಕ್ಕೆ ಹಾರಬೇಕು. ಅಂಥ ನನ್ನನ್ನು ಥರ್ಮಾಕೋಲಿನ ನಡುವೆ ಅದುಮಿ ಪೆಟ್ಟಿಗೆ ಮುಚ್ಚಿದರು. ಹಡಗು, ಗೋದಾಮು, ಲಾರಿ ಎಲ್ಲವನ್ನೂ ಕತ್ತಲಲ್ಲೇ ದಾಟಿ ಹುಬ್ಬಳ್ಳಿಯ ಒಂದು ಅಂಗಡಿಯ ಗಾಜಿನ ಕಪಾಟಿಗೆ ಬಂದೆ. ಅಲ್ಲಿಯೂ ಬರೀ ನೋಡಿ ಹೋಗುವವರೇ. ನನಗೆ ತಲೆ ಕೆಟ್ಟುಹೋಗಿತ್ತು.

ಕೊನೆಗೆ ನನ್ನನ್ನು ಕೊಂಡವನು ರಾಣೆಬೆನ್ನೂರಿನ ರುದ್ರಮುನಿ. ತಲೆ ನರೆಯುವವರೆಗೂ ರೀಲಿನ ಕ್ಯಾಮೆರಾದಲ್ಲೇ ಊರ ಮದುವೆಗಳನ್ನೆಲ್ಲ ತೆಗೆದ ಸ್ಟುಡಿಯೊದವನು. ನನ್ನ ಮೇಲೆ ಅವನಿಗೆ ಪ್ರೀತಿಯೇನೂ ಉಕ್ಕಿ ಹರಿಯಲಿಲ್ಲ. ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಹಿಂದೆ ಮುಂದೆ ತಿರುಗಿಸಿ ಒಂದೇ ಪ್ರಶ್ನೆ ಕೇಳಿದ.

"ತೆಗದ ಫೋಟೊ ಆವತ್ತ ಕಾಣತೈತೇನ್ರಿ?"

"ಆವತ್ತಲ್ರೀ, ಆವಾಗ್ಲೇ ಕಾಣತೈತಿ. ಹಿಂದ ನೋಡ್ರಿ, ಸಣ್ಣ ಟೀವಿ ಇದ್ದಂಗ ಐತಿ," ಎಂದ ಅಂಗಡಿಯವನು. "ಫೋಕಸ್ಸೂ ನೀವ ಮಾಡಬೇಕಂತಿಲ್ಲ. ಎಲ್ಲಾ ಅದ ಮಾಡ್ಕೊಂತೈತಿ. ನೀವು ಬರೇ ಒತ್ತೂದು."

ರುದ್ರಮುನಿಯ ಅವಸರಕ್ಕೆ ಕಾರಣವಿತ್ತು. ಸ್ಟುಡಿಯೊದ ಪಕ್ಕದ ಅಂಗಡಿಯ ಟೇಲರ್ ನಿಜಗುಣಪ್ಪ ಅವನ ಜೀವದ ಗೆಳೆಯ. ಜಾರಿ ಬಿದ್ದು ಸೊಂಟ ಮುರಿದುಕೊಂಡವನು ಹಾಸಿಗೆ ಹಿಡಿದು, ಈಗ ಎದೆಯಲ್ಲಿ ಕಫ ಕಟ್ಟಿ ಕ್ಷೀಣಿಸಿದ್ದ. ಅಲುಗಿಸಬೇಡಿ, ಇನ್ನು ಬಹಳ ದಿನ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದರೂ ಮಗಳು ಕಸ್ತೂರಿಯ ಮದುವೆ ಮುಂದಕ್ಕೆ ಹೋಗಕೂಡದೆಂದು ಹಟ ಹಿಡಿದವನು ಅವನೇ. ಮದುವೆ ಊರ ಕಲ್ಯಾಣಮಂಟಪದಲ್ಲಿ. ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬಿದ್ದ ಹುಡುಗಿ ಗಂಡನ ಮನೆಯ ಹೊಸ್ತಿಲು ತುಳಿಯುವ ಮುಂಚೆ ತವರಿನ ಹೊಸ್ತಿಲು ತುಳಿಯಬಾರದೆಂಬುದು ಅವರ ಪದ್ಧತಿ. ಹಾಗಾಗಿ ಅವಳು ಮಂಟಪದಿಂದ ಸೀದಾ ಗಂಡನ ಊರಾದ ಲಕ್ಷ್ಮೇಶ್ವರಕ್ಕೆ ಹೋಗುವವಳು. ರೀಲು ಹುಬ್ಬಳ್ಳಿಗೆ ಹೋಗಿ, ತೊಳೆಸಿಕೊಂಡು, ಫೋಟೊ ಆಗಿ ಬರುವಷ್ಟರಲ್ಲಿ ಅಪ್ಪ ಇರುತ್ತಾನೋ ಇಲ್ಲವೋ.

"ರುದ್ರಾ, ತಾಳಿ ಕಟ್ಟೂ ಫೋಟೊ ಒಂದ ಅವತ್ತ ನನ್ನ ಕಣ್ಣಿಗೆ ತೋರ್ಸು. ಆಮ್ಯಾಲ ನಾ ಎಲ್ಲಿಗರ ಹೋಗ್ತೀನಿ," ಎಂದಿದ್ದನಂತೆ.

ಮನೆಗೆ ತಂದ ಸಂಜೆಯೇ ರುದ್ರಮುನಿಯ ಹೆಂಡತಿ ಶಿವಲೀಲಾ ನನ್ನ ನೆತ್ತಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿದಳು. ಆಮೇಲೆ ಶುರುವಾಯಿತು ಪರೀಕ್ಷೆ. ತುಳಸಿಕಟ್ಟೆ, ರೊಟ್ಟಿ ಬುಟ್ಟಿ, ಗೋಡೆಯ ಮೇಲಿನ ಬೆಕ್ಕು, ಕೊನೆಗೆ ಶಿವಲೀಲಾ. ರುದ್ರಮುನಿಯ ಎಡಗೈ ಅಭ್ಯಾಸಬಲದಿಂದ ಫೋಕಸ್ ತಿರುಗಿಸುವ ಲೆನ್ಸಿನ ಉಂಗುರಕ್ಕೆ ಹೋಗುತ್ತಿತ್ತು. ಅಂಗಡಿಯವನ ಮಾತು ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಉಸಿರು ಬಿಗಿಹಿಡಿದು ಒಂದೇ ಒಂದು ಸಲ ಒತ್ತಿ ನನ್ನನ್ನು ಇಳಿಸಿಬಿಡುತ್ತಿದ್ದ. ನಾನೋ ಒಂದು ಉಸಿರಿಗೆ ಮೂರು ತೆಗೆಯಬಲ್ಲವನು. ಒತ್ತು ಮಾರಾಯ, ಇನ್ನೂ ಒತ್ತು ಎಂದು ಒಳಗೇ ಕುದಿಯುತ್ತಿದ್ದೆ.

"ಇನ್ನೊಂದ ಹೊಡೀರಿ, ನಾ ಕಣ್ಣ ಮುಚ್ಚೇನಿ," ಎಂದಳು ಶಿವಲೀಲಾ.

"ಸುಮ್ನ ರೀಲ್ ಹಾಳಾಕ್ಕೈತಿ," ಎಂದ ರುದ್ರಮುನಿ. ಮರುಗಳಿಗೆಯಲ್ಲಿ ತಾನೇ ನಕ್ಕ. ಆದರೆ ಇನ್ನೊಂದು ಹೊಡೆಯಲಿಲ್ಲ.

ಫೋಟೊಗಳು ಚೆನ್ನಾಗಿಯೇ ಬಂದಿದ್ದವು. ಬೆಕ್ಕಿನ ಮೀಸೆಯನ್ನು ಎಣಿಸಬಹುದಿತ್ತು. "ಮಗಂದು ಚಲೋ ಐತಿ ಬಿಡು," ಎಂದು ಅವನೂ ಒಪ್ಪಿದ. ಮನೆಯಲ್ಲಿ ಎಲ್ಲ ಪರೀಕ್ಷೆಯೂ ಆಯಿತು, ಆದರೆ ಯಾರೂ ನನ್ನೆದುರು ಅಕ್ಕಿ ಎರಚಿರಲಿಲ್ಲ.

ಮದುವೆಯ ದಿನ ಬೆಳಿಗ್ಗೆಯಿಂದ ಎಲ್ಲವೂ ಸುಗಮ. ನಾನು ಹಿರಿಹಿರಿ ಹಿಗ್ಗಿದ್ದೆ. ಮುಹೂರ್ತ ಬಂತು. ಮದುಮಗ ತಾಳಿ ಎತ್ತಿದ, ಕಸ್ತೂರಿ ತಲೆ ಬಾಗಿಸಿದಳು, ವಾಲಗ ಭೋರ್ಗರೆಯಿತು. ಅಷ್ಟೂ ಜನ ಒಮ್ಮೆಗೇ ಅಕ್ಕಿಕಾಳು ಬೀರಿದರು. ನನ್ನ ಜಾಯಮಾನವೇ ಹಾಗೆ, ಎದುರಿಗೆ ಹತ್ತಿರ ಬಂದದ್ದನ್ನು ಹಿಡಿಯುವುದು. ಒಂದು ಕಾಳು ಬಂತು, ಹಿಡಿಯಹೋದೆ. ಅದು ಬಿತ್ತು, ಇನ್ನೊಂದು ಬಂತು. ಮುಂದಕ್ಕೆ ಜರ್ರೆಂದೆ, ಹಿಂದಕ್ಕೆ ಜರ್ರೆಂದೆ. ರುದ್ರಮುನಿ ಗುಂಡಿ ಒತ್ತಿಹಿಡಿದು ಬೆವರುತ್ತಿದ್ದ, ಫೋಕಸ್ಸು ಸಿಗದೆ ನಾನು ಕ್ಲಿಕ್ ಅನ್ನಲೊಲ್ಲೆ. ಕೊನೆಗೊಮ್ಮೆ ಕ್ಲಿಕ್ ಅಂದೆ. ಅವನು ಅಭ್ಯಾಸದಂತೆ ನನ್ನನ್ನು ಇಳಿಸಿದ. ಅಷ್ಟರಲ್ಲಿ ಮೂರು ಗಂಟೂ ಬಿದ್ದಾಗಿತ್ತು.

ನನ್ನ ಬೆನ್ನಿನ ಟೀವಿ ನೋಡಿದವನ ಮುಖ ಸುಟ್ಟ ಬದನೆಕಾಯಿಯಾಯಿತು. ಅರಿಶಿನ ಹಚ್ಚಿದ ಅಕ್ಕಿಕಾಳುಗಳು ಒಂದೊಂದೂ ಮುತ್ತಿನ ಹಾಗೆ ಗಾಳಿಯಲ್ಲಿ ನಿಂತಿದ್ದವು. ಅವುಗಳ ಹಿಂದೆ ಎರಡು ಬಣ್ಣದ ಕಲೆ. ಯಾರ ಮದುವೆಯೆಂದು ಹೆತ್ತವರೂ ಹೇಳಲಾರರು. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನಬೇಡಿ. ಎಲ್ಲಾ ಅದೇ ಮಾಡ್ಕೊಂತೈತಿ ಎಂದು ನಾನೇನೂ ಹೇಳಿರಲಿಲ್ಲ.

"ಅದಕ್ಯಾಕ ಅಷ್ಟ್ ಚಿಂತಿ? ಇನ್ನೊಮ್ಮೆ ತಾಳಿ ಹಿಡದು ಕುಂದ್ರಸ್ರಿ, ತೆಗೀರಿ," ಎಂದ ಹುಡುಗಿಯ ಸೋದರಮಾವ.

"ಕಟ್ಟಿದ ತಾಳಿಗೆ ಮತ್ತ ಕೈ ಹಚ್ಚಸಂಗಿಲ್ಲ," ಎಂದ ರುದ್ರಮುನಿ. "ಸಾಯೂ ಗೆಳ್ಯಾಗ ನಾಟಕದ ಫೋಟೊ ತೋರ್ಸಲಾ ನಾನು?"

ಊಟದ ಪಂಕ್ತಿಯಲ್ಲಿ ಕಸ್ತೂರಿ ಅವನನ್ನು ಕಂಡು, "ಕಾಕಾ, ಅಪ್ಪಗ ತೋರ್ಸಿ ಬಂದ್ರಿ?" ಎಂದು ಕೇಳಿದಳು. ಅವನು ಸುಳ್ಳಾಡದೆ ನಡೆದದ್ದನ್ನೆಲ್ಲ ಹೇಳಿದ. ಕೇಳಿದವಳೇ ಎಲೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಆ ಹೊತ್ತು ಬ್ಯಾಟರಿ ತೀರಿಹೋಗಬಾರದೇ ಅನ್ನಿಸಿತು.

ಅಳು ಕೇಳಿ ಮದುಮಗನ ತಾಯಿ ಚನ್ನಬಸವ್ವ ಎದ್ದು ಬಂದಳು. ಮಾತಿಗೆ ಖಾರ, ನೋಟಕ್ಕೆ ಬಿಗಿ. ಹೆಣ್ಣಿನ ಕಡೆಯವರು ಬೆಳಗಿನಿಂದ ಅವಳೆದುರು ಮುದುಡಿ ನಡೆಯುತ್ತಿದ್ದರು. ಸಂಗತಿಯೆಲ್ಲ ಕೇಳಿ ನನ್ನನ್ನು ಇಸಕೊಂಡು ಕಣ್ಣಿಗೆ ಹತ್ತಿರ ಹಿಡಿದಳು.

"ಅಕ್ಕಿ ಮಾತ್ರ ಚಲೋ ಬಂದಾವ," ಎಂದಳು. "ಹೊಸ್ತಿಲಾ ತುಳೀಬಾರ್ದು, ಖರೆ. ಓಣ್ಯಾಗ ನಿಂದ್ರಬಾರ್ದಂತ ಯಾವ ಶಾಸ್ತ್ರದಾಗ ಐತಿ? ಆ ಮನಿಗೆ ಕಿಟಕಿ ಐತಿಲ್ಲೋ?"

ದಿಬ್ಬಣದ ಬಸ್ಸು ಓಣಿಯ ಬಾಯಲ್ಲಿ ನಿಂತಿತು. ಸುದ್ದಿ ಮೊದಲೇ ಮುಟ್ಟಿ, ಮಂಚವನ್ನು ಬೀದಿ ಕಿಟಕಿಗೆ ಸರಿಸಿ ನಿಜಗುಣಪ್ಪನ ಬೆನ್ನಿಗೆ ದಿಂಬು ಕೊಟ್ಟಿದ್ದರು. ಬಾಸಿಂಗ ಕಟ್ಟಿದ ಗಂಡನೊಂದಿಗೆ ಕಸ್ತೂರಿ ಕಿಟಕಿಯ ಮುಂದೆ ಬಂದು ನಿಂತು, ತಾಳಿಯನ್ನು ಸರಳುಗಳ ಸನಿಹಕ್ಕೆ ಎತ್ತಿ ಹಿಡಿದಳು.

"ಅಪ್ಪಾ, ನೋಡು."

ಅವನು ತಾಳಿ ನೋಡಿದ, ಅಳಿಯನನ್ನು ನೋಡಿದ. ಆಮೇಲೆ ಸರಳಿನ ನಡುವೆ ಕೈ ತೂರಿಸಿ ಮಗಳ ರವಿಕೆಯ ತೋಳು ಮುಟ್ಟಿದ.

"ಯಾವಾಂವ ಹೊಲದಾನವಾ ಇದನ್ನ? ತೋಳ ಬಿಗಿ ಆಗೇತಲ್ಲ. ನಾ ಇದ್ದಿದ್ರ ಹಿಂಗ ಹೊಲೀತಿದ್ನೇನು?"

ಅವಳು ಅಳುತ್ತಲೇ ನಕ್ಕಳು. ಅವನ ಕೈ ತೋಳಿನಿಂದ ಕೆನ್ನೆಗೆ, ಕೆನ್ನೆಯಿಂದ ತಲೆಗೆ ಹೋಗಿ ಅಲ್ಲೇ ನಿಂತಿತು. ಚನ್ನಬಸವ್ವ ಬಸ್ಸಿನ ಕಡೆ ಮುಖ ತಿರುಗಿಸಿಕೊಂಡು ನಿಂತಳು.

ರುದ್ರಮುನಿ ನನ್ನನ್ನು ಎತ್ತಿದ. ಆಟೊ ಫೋಕಸ್ಸಿನ ಗುಂಡಿ ಬಂದ್ ಮಾಡಿ ಉಂಗುರಕ್ಕೆ ತನ್ನ ಕೈ ಹಾಕಿದ. ಕಿಟಕಿಯ ಸರಳನ್ನು ದಾಟಿಸಿ ನನ್ನ ಕಣ್ಣನ್ನು ನಿಧಾನವಾಗಿ ಒಳಗಿದ್ದ ಗೆಳೆಯನ ಮುಖಕ್ಕೆ ಒಯ್ದ. ಹುಟ್ಟಿದ ಮೇಲೆ ಮೊದಲ ಸಲ ನಾನು ಓಡಾಡದೆ ಒಂದೇ ಕಡೆ ನೋಡಿದೆ. ಆದರೆ ಅವನು ಒತ್ತಲಿಲ್ಲ. ಕಣ್ಣು ತುಂಬಿದವನಿಗೆ ಫೋಕಸ್ಸು ಕಾಣುವುದಿಲ್ಲ.

ಅದೇ ವಾರ ನಿಜಗುಣಪ್ಪ ತೀರಿಕೊಂಡ. ಆಮೇಲೆ ನಾನು ಎಷ್ಟೋ ಮದುವೆ ತೆಗೆದೆ. ಅಕ್ಕಿಕಾಳು ಬೀಳುವಾಗ ಮಾತ್ರ ರುದ್ರಮುನಿ ಉಂಗುರದಿಂದ ಕೈ ತೆಗೆಯುತ್ತಿರಲಿಲ್ಲ. ನನಗಿಂತ ಚುರುಕಿನವರು ಬಂದ ಮೇಲೆ ನನ್ನನ್ನು ಪಾಸ್‌ಪೋರ್ಟ್ ಫೋಟೊಗೆ ಹಾಕಿದರು. ಈಗ ಶಟರ್ ಹಿಡಿದುಕೊಂಡಿದೆ, ಬ್ಯಾಟರಿ ಉಬ್ಬಿ ಎಸೆದಾಗಿದೆ. ಸ್ಟುಡಿಯೊದ ಶೋಕೇಸಿನಲ್ಲಿ ರೀಲಿನ ಕ್ಯಾಮೆರಾದ ಪಕ್ಕ ಕುಳಿತಿದ್ದೇನೆ. ಅದು ತಪಸ್ವಿಯ ಹಾಗಿದೆ. ನನಗೆ ಮಾತ್ರ ಎದುರಿನ ರಸ್ತೆಯಲ್ಲಿ ಏನು ಹಾದರೂ ಒಳಗೊಳಗೇ ಜರ್ರೆನ್ನುತ್ತದೆ.

ಹೀಗೆ ಚಡಪಡಿಸುವಾಗೆಲ್ಲ ಒಂದು ಯೋಚನೆ ಬರುತ್ತದೆ. ಅವತ್ತು ಆ ಒಂದು ಫೋಟೊ ನಾನು ಸರಿಯಾಗಿ ತೆಗೆದಿದ್ದರೆ, ನಿಜಗುಣಪ್ಪ ನನ್ನ ಬೆನ್ನಿನ ಸಣ್ಣ ಟೀವಿಯಲ್ಲಿ ಮಗಳನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದ. ಬಸ್ಸು ಎಲ್ಲಿಯೂ ನಿಲ್ಲದೆ ಲಕ್ಷ್ಮೇಶ್ವರಕ್ಕೆ ಹೋಗಿಬಿಡುತ್ತಿತ್ತು.