ಒಣಗಲು ಬಿಟ್ಟ ದೋಣಿ

ದೋಣಿಯ ಉದ್ದ ಮೂವತ್ತೊಂದು ಅಡಿ, ವಯಸ್ಸು ಇಪ್ಪತ್ತೊಂಬತ್ತು ವರ್ಷ. ಗಾಳದ ಹುಚ್ಚಿರುವವರನ್ನು ಕಡಲಿಗೆ ಕರೆದೊಯ್ದು, ದೊಡ್ಡ ಮೀನು ಹಿಡಿಸಿ, ಫೋಟೊ ತೆಗೆಸಿ, ಸಂಜೆಯೊಳಗೆ ದಡ ಮುಟ್ಟಿಸುವುದು ಅದರ ಕೆಲಸ. ಅಣ್ಣ ಇಪ್ಪತ್ತಾರು ವರ್ಷ ಅದನ್ನು ಓಡಿಸಿದ್ದ. ತಮ್ಮ ಅಷ್ಟೇ ವರ್ಷ ಬಂದರಿನ ಹಿಂದಿನ ಅಂಗಳದಲ್ಲಿ ಅದನ್ನೂ ಊರಿನ ಉಳಿದ ದೋಣಿಗಳನ್ನೂ ದುರಸ್ತಿ ಮಾಡಿದ್ದ. ತಮ್ಮನಿಗೆ ಕಡಲು ಆಗಿಬರುತ್ತಿರಲಿಲ್ಲ. ದಡ ಬಿಟ್ಟ ಹತ್ತು ನಿಮಿಷಕ್ಕೆ ವಾಂತಿ. ಅಣ್ಣ ಇದನ್ನು ಪ್ರತಿ ಗಿರಾಕಿಗೂ ಹೇಳಿ ನಗಿಸುತ್ತಿದ್ದ: "ನನ್ನ ತಮ್ಮ ದೋಣಿ ಡಾಕ್ಟ್ರು. ನೀರಿಗಿಳಿದ್ರೆ ಮಾತ್ರ ಅವನೇ ಪೇಷಂಟು."

ಹಿಂದಿನ ವರ್ಷ ಅಣ್ಣನ ಬಲಗೈ ಸೋತಿತು. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ಕಾಯಿಲೆ, ಔಷಧ ಇಲ್ಲ. ವೈದ್ಯರು ಒಂದರಿಂದ ಮೂರು ವರ್ಷ ಎಂದರು. ಒಂದೇ ಕೋಣೆಯಲ್ಲಿ, ಒಂದೇ ಬೆಂಚಿನ ಮೇಲೆ ಕೂತಿದ್ದರೂ ಅತ್ತಿಗೆಗೆ ಕೇಳಿಸಿದ್ದು ಒಂದು, ತಮ್ಮನಿಗೆ ಕೇಳಿಸಿದ್ದು ಮೂರು.

ಅಣ್ಣ ಬೇಡಿದ್ದು ಒಂದೇ. ಬಂದರಿನಿಂದ ಒಂಬತ್ತು ಮೈಲಿ ಆಚೆ ನೀರಿನಡಿ ಒಂದು ಕಲ್ಲುದಿಬ್ಬ ಇದೆ. ಅವನು ಸಾವಿರಾರು ಸಲ ಗಿರಾಕಿಗಳನ್ನು ಕರೆದೊಯ್ದ ಜಾಗ. ಇನ್ನೊಂದು ಸಲ, ತಾನೇ ಓಡಿಸಿಕೊಂಡು, ಅಲ್ಲಿಗೆ ಹೋಗಬೇಕು.

"ಬೇರೆಯವರ ದೋಣೀಲಿ ಕೂತ್ಕೊಂಡು ಹೋಗಲ್ಲ, ಮೊದಲೇ ಹೇಳಿದೀನಿ," ಎಂದ. "ನಾನೇನು ಟೂರಿಸ್ಟಾ?"

ದೋಣಿ ಒಂದು ವರ್ಷದಿಂದ ಬಂದರಿನ ಧಕ್ಕೆಯಲ್ಲಿ ಸುಮ್ಮನೆ ನಿಂತಿತ್ತು. ಎಂಜಿನ್ನು ಕೆಮ್ಮುತ್ತಿತ್ತು. ಸ್ಟೇರಿಂಗಿನ ಕೇಬಲ್ ಬಿಗಿದುಕೊಂಡು ಎರಡು ಕೈ ಹಾಕಿದರೂ ತಿರುಗುತ್ತಿರಲಿಲ್ಲ. ತಮ್ಮ ಅದನ್ನು ಕ್ರೇನಿನಲ್ಲಿ ಎತ್ತಿಸಿ ಶೆಡ್ಡಿನೊಳಗೆ ತಂದ. ಹೊಸ ಎಂಜಿನ್ನು, ಒಂದು ಬೆರಳಿಗೂ ತಿರುಗುವ ಹೈಡ್ರಾಲಿಕ್ ಸ್ಟೇರಿಂಗು, ಬೆಲ್ಟಿರುವ ಕುರ್ಚಿ: ಐದು ವಾರದ ಕೆಲಸ ಎಂದು ಲೆಕ್ಕ ಹಾಕಿದ.

ಎರಡನೇ ವಾರ ಅಣ್ಣನನ್ನು ಶೆಡ್ಡಿಗೆ ಕರೆಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ. ಎಡಮೊಣಕೈ ನೆಲದಿಂದ ಎಷ್ಟು ಎತ್ತರ, ಕೈ ಎಷ್ಟು ದೂರ ಚಾಚುತ್ತದೆ, ಮಂಡಿ ಎಲ್ಲಿ ಬರುತ್ತದೆ, ಎಲ್ಲವನ್ನೂ ಟೇಪು ಹಿಡಿದು ಪ್ಲೈವುಡ್ಡಿನ ತುಂಡಿನ ಮೇಲೆ ಬರೆದುಕೊಂಡ. ಅಂಗಳದಲ್ಲಿ ತಮ್ಮನ ಅಡ್ಡಹೆಸರೇ 'ಮಿಲಿಮೀಟರ್'. ಪಕ್ಕದ ಶೆಡ್ಡಿನ ಪೇಂಟರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಏನ್ ಕ್ಯಾಪ್ಟನ್, ಸೂಟ್ ಹೊಲಿಸ್ತಿದೀರಾ?"

"ಹೂಂ ಕಣಯ್ಯ, ಮದುವೆ. ಇವನು ಹೊಲಿದು ಮುಗಿಸೋದ್ರಲ್ಲಿ ಹೆಣ್ಣಿಗೆ ಮೊಮ್ಮಕ್ಕಳಾಗಿರ್ತಾರೆ."

ಎಲ್ಲರೂ ನಕ್ಕರು. ತಮ್ಮನೂ ನಕ್ಕ, ಟೇಪು ಮಾತ್ರ ಅಲುಗಿಸಲಿಲ್ಲ.

ಹಳೆಯ ಎಂಜಿನ್ನು ಎತ್ತಿದ ದಿನ ಕೆಳಗಿನ ತೊಲೆಗಳ ಸ್ಥಿತಿ ಗೊತ್ತಾಯಿತು. ಇಂಥ ದೋಣಿಯ ತಳದಲ್ಲಿ ಉದ್ದಕ್ಕೂ ಮರದ ತೊಲೆಗಳಿರುತ್ತವೆ. ಅವುಗಳ ಸುತ್ತ ಫೈಬರ್‌ಗ್ಲಾಸ್ ಹೊದಿಕೆ. ಹಿಂದೆ ಯಾರೋ ತಿರುಪು ಕೊರೆದ ರಂಧ್ರಗಳಿಗೆ ಅಂಟು ತುಂಬಿರಲಿಲ್ಲ. ವರ್ಷಗಟ್ಟಲೆ ನೀರು ಇಳಿದಿತ್ತು. ಕೊಳೆತ ಭಾಗವನ್ನು ತಮ್ಮ ಕಿತ್ತು ಹೊಸ ಮರ ಕೂರಿಸಿದ. ಉಳಿದದ್ದು ಗಟ್ಟಿಯಾಗಿತ್ತು, ಆದರೆ ಒದ್ದೆ. ತೇವ ಅಳೆಯುವ ಮೀಟರು ಶೇಕಡ ಮೂವತ್ತೊಂದು ತೋರಿಸಿತು. ಹದಿನೈದಕ್ಕೆ ಇಳಿಯದೆ ಹೊದಿಕೆ ಮುಚ್ಚಬಾರದು. ಮುಚ್ಚಿದರೆ ನೀರು ಒಳಗೇ ಸಿಕ್ಕಿಬಿದ್ದು ನಾಲ್ಕೈದು ವರ್ಷದಲ್ಲಿ ಮರ ಪುಡಿಯಾಗುತ್ತದೆ. ಅವನಿಗೆ ಕೆಲಸ ಕಲಿಸಿದವರು ಮೊದಲು ಹೇಳಿಕೊಟ್ಟದ್ದೇ ಇದನ್ನು. ತೊಲೆ ಮುಚ್ಚದೆ ಎಂಜಿನ್ನು ಕೂರುವುದಿಲ್ಲ. ಎಂಜಿನ್ನು ಕೂರದೆ ಡೆಕ್ಕಿಲ್ಲ, ಸ್ಟೇರಿಂಗಿಲ್ಲ, ಕುರ್ಚಿಯಿಲ್ಲ.

ಅವನು ದೋಣಿಯ ಮೇಲೆ ಪ್ಲಾಸ್ಟಿಕ್ ಹಾಳೆಯ ಗುಡಾರ ಕಟ್ಟಿದ. ಒಳಗೆ ಎರಡು ಹೀಟರು, ಮೂರು ಫ್ಯಾನು, ಗಾಳಿಯ ತೇವ ಹೀರುವ ಒಂದು ಯಂತ್ರ. ದಿನಾ ಬೆಳಿಗ್ಗೆ ಯಂತ್ರದ ಬಕೆಟ್ಟಿನ ನೀರು ಚೆಲ್ಲಿ, ಹನ್ನೆರಡು ಕಡೆ ಮೀಟರು ಒತ್ತಿ, ಅಂಕಿಗಳನ್ನು ಬರೆದಿಟ್ಟ. ಮೂರನೇ ವಾರ ಇಪ್ಪತ್ತನಾಲ್ಕು. ಆರನೇ ವಾರ ಇಪ್ಪತ್ತು.

ಆರನೇ ವಾರ ಅಣ್ಣ ಬಂದಾಗ ಅತ್ತಿಗೆಯ ಭುಜ ಹಿಡಿದಿದ್ದ. ಮಾತು ಸ್ವಲ್ಪ ದಪ್ಪವಾಗಿತ್ತು.

"ಮುಚ್ಚಿಬಿಡೋ," ಎಂದ.

"ಇನ್ನೂ ಇಪ್ಪತ್ತಿದೆ ಅಣ್ಣ. ಈಗ ಮುಚ್ಚಿದ್ರೆ ಐದು ವರ್ಷದಲ್ಲಿ ತೊಲೆ ಹೋಗುತ್ತೆ."

"ಐದು ವರ್ಷ!" ಅಣ್ಣ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ಐದು ವರ್ಷ ಆದ್ಮೇಲೆ ನನಗೆ ತೊಂದರೆ ಆಗುತ್ತಂತೆ."

ಅತ್ತಿಗೆ ನಗಲಿಲ್ಲ. ತಮ್ಮ ಮೀಟರನ್ನು ಬಟ್ಟೆಯಿಂದ ಒರೆಸಿದ.

"ಗೊತ್ತಿದ್ದೂ ಗೊತ್ತಿದ್ದೂ ಒದ್ದೆ ಮರ ಮುಚ್ಚೋಕೆ ನನ್ನ ಕೈಲಾಗಲ್ಲ ಅಣ್ಣ. ಇನ್ನೆರಡು ವಾರ ಅಷ್ಟೇ."

"ನಿನ್ನ ಮರಕ್ಕೆ ಇರೋ ಮರ್ಯಾದೆ ನನಗಿಲ್ಲ ನೋಡು," ಎಂದ ಅಣ್ಣ. ಸಿಟ್ಟಿನಿಂದ ಹೇಳಿದ್ದಲ್ಲ. ಎಡಗೈಯನ್ನು ದೋಣಿಯ ಬದಿಗೆ ಒಮ್ಮೆ ಆನಿಸಿ ಮನೆಗೆ ಹೋದ.

ಮರ ಒಣಗುವುದಕ್ಕೆ ಒಂದು ಕ್ರಮವಿದೆ. ಮೊದಲ ನೀರು ಬೇಗ ಬಿಡುತ್ತದೆ, ಕೊನೆಯದು ಬಿಡುವುದಿಲ್ಲ. ಎಂಟನೇ ವಾರ ಹತ್ತೊಂಬತ್ತು. ಹತ್ತನೇ ವಾರ ಹದಿನೇಳು. ಹನ್ನೊಂದನೇ ವಾರವೂ ಹದಿನೇಳೇ. ತಮ್ಮ ಇನ್ನೊಂದು ಹೀಟರು ತಂದಿಟ್ಟ. ಆ ವಾರಗಳಲ್ಲಿ ಅವನು ಅಣ್ಣನ ಮನೆಗೆ ಹೋದದ್ದು ಎರಡೇ ಸಲ. ಹೋದಾಗಲೂ ಅಂಕಿಗಳ ಮಾತೇ ಆಡಿದ. ಹದಿನೈದಕ್ಕೆ ಇಳಿದರೆ ದೋಣಿ ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆ ಎಂದು ಹೇಳುವಾಗ ಅವನ ಮುಖ ಗೆಲುವಾಗುತ್ತಿತ್ತು.

ಹನ್ನೊಂದನೇ ವಾರದ ಕೊನೆಗೆ ಅತ್ತಿಗೆ ಒಬ್ಬಳೇ ಶೆಡ್ಡಿಗೆ ಬಂದಳು. ಶಾಲೆಯೊಂದರ ಕಚೇರಿಯಲ್ಲಿ ಅವಳಿಗೆ ಕೆಲಸ. ಊಟದ ವಿರಾಮದಲ್ಲಿ ಬಂದಿದ್ದಳು. ಪ್ಲಾಸ್ಟಿಕ್ ಹಾಳೆ ಸರಿಸಿ ಒಳಗೆ ನೋಡಿದಳು. ಬಿಸಿಗಾಳಿ ಅವಳ ಮುಖಕ್ಕೆ ಹೊಡೆಯಿತು.

"ಎಷ್ಟು ಚೆನ್ನಾಗಿ ಬೆಚ್ಚಗಿಟ್ಟಿದೀಯ," ಎಂದಳು.

"ಇನ್ನೆರಡು ಪಾಯಿಂಟು ಅತ್ತಿಗೆ."

"ನಿನ್ನೆಯಿಂದ ಅವರಿಗೆ ನಾನೇ ತಿನ್ನಿಸ್ತಿದೀನಿ. ಎಡಗೈಲಿ ಚಮಚ ನಿಲ್ತಿಲ್ಲ. ನಿನಗೆ ಹೇಳಬೇಡ ಅಂದ್ರು. ಅವನು ಕೆಲಸ ಮಾಡ್ಲಿ, ಗಡಿಬಿಡಿ ಮಾಡಿದ್ರೆ ಕೆಡಿಸ್ತಾನೆ ಅಂದ್ರು." ಅವಳು ಹಾಳೆಯನ್ನು ಮತ್ತೆ ಮೊದಲಿನಂತೆ ಸಿಕ್ಕಿಸಿದಳು. "ಇಪ್ಪತ್ತು ವರ್ಷದ ದೋಣಿ ಯಾರಿಗೆ ಮಾಡ್ತಿದೀಯ ನೀನು?"

ತಮ್ಮ ಕೈಯಲ್ಲಿದ್ದ ಮೀಟರನ್ನು ಕೆಳಗಿಟ್ಟ. ಅವನ ಬಳಿ ಉತ್ತರವಿತ್ತು. ಅಣ್ಣನಿಗೆ ಎಂಬುದೇ ಆ ಉತ್ತರ. ಹನ್ನೊಂದು ವಾರ ತಾನು ಕಾದದ್ದು ಮರಕ್ಕಲ್ಲ ಎಂಬುದು ಅದನ್ನು ಹೇಳಹೊರಟಾಗಲೇ ಅವನಿಗೆ ತಿಳಿಯಿತು. ಒದ್ದೆಯಲ್ಲೇ ಮುಚ್ಚಿದ್ದರೆ, ಆ ದೋಣಿಗೆ ಇಪ್ಪತ್ತು ವರ್ಷ ಬೇಕಾಗಿಲ್ಲ ಎಂದು ತನ್ನ ಕೈಯಾರೆ ಒಪ್ಪಿಕೊಂಡಂತಾಗುತ್ತಿತ್ತು.

ಅವಳು ಹೊರಟ ಮೇಲೆ ಹೀಟರುಗಳ ಪ್ಲಗ್ಗು ಕಿತ್ತ. ಮೀಟರು ಹದಿನೇಳರಲ್ಲೇ ಇತ್ತು. ರೆಸಿನ್ ಅಂಟು ಕಲಸಿ ತೊಲೆಗಳ ಮೇಲೆ ಹೊದಿಕೆ ಹಾಸಲು ಶುರು ಮಾಡಿದ. ಪೇಂಟರ್ ಬಂದು ನೋಡಿ, "ಇಳೀತಾ ಹದಿನೈದಕ್ಕೆ?" ಎಂದ.

"ಇಳೀತು," ಎಂದ ತಮ್ಮ.

ಪೇಂಟರ್ ಕ್ಷಣ ನಿಂತ. ಆಮೇಲೆ ಅಂಗಿಯ ತೋಳು ಮಡಚಿ ಇನ್ನೊಂದು ಬ್ರಷ್ ತೆಗೆದುಕೊಂಡ. ಎಂಜಿನ್ನಿನವನು ಭಾನುವಾರವೂ ಬಂದ. ಹದಿನಾರು ದಿನಗಳಲ್ಲಿ ಎಂಜಿನ್ನು ಕೂತಿತು, ಡೆಕ್ಕು ಮುಚ್ಚಿತು, ಸ್ಟೇರಿಂಗು ಎಡಕ್ಕೆ ಬಂತು. ಚಕ್ರಕ್ಕೆ ಬೆರಳಿನ ಬದಲು ಅಂಗೈ ತೂರಿಸುವಂಥ ಅಗಲ ಪಟ್ಟಿಯನ್ನು ತಮ್ಮ ಹಾಕಿದ. ಚಮಚದ ಮಾತು ಕೇಳಿದ ಮೇಲೆ ಮಾಡಿದ ಬದಲಾವಣೆ ಅದೊಂದೇ. ಉಳಿದದ್ದೆಲ್ಲ ಪ್ಲೈವುಡ್ಡಿನ ಮೇಲೆ ಬರೆದ ಅಳತೆಯಂತೆಯೇ ಆಯಿತು.

ದೋಣಿ ನೀರಿಗಿಳಿದ ದಿನ ಗಾಳಿ ಕಡಿಮೆಯಿತ್ತು. ಕ್ರೇನಿನವನು ಅಣ್ಣನನ್ನು ಗಾಲಿಕುರ್ಚಿ ಸಮೇತ ಪಟ್ಟಿಯಲ್ಲಿ ಎತ್ತಿ ಡೆಕ್ಕಿನ ಮೇಲೆ ಇಳಿಸಿದ. ಎರಡು ಟನ್ನಿನ ಎಂಜಿನ್ನುಗಳನ್ನು ಇಳಿಸುವಾಗಲೂ ಅಷ್ಟು ನಿಧಾನ ಮಾಡಿದವನಲ್ಲ.

"ಕ್ಯಾಪ್ಟನ್, ತೂಕ ಏನೂ ಇಲ್ಲ, ಮೀಟರ್ ಅಲ್ಲಾಡ್ಲೇ ಇಲ್ಲ," ಎಂದು ಮೇಲಿನಿಂದ ಕೂಗಿದ.

"ನಿನ್ ಹೆಂಡ್ತಿ ಅಡುಗೆ ಕಳ್ಸು, ಅಲ್ಲಾಡುತ್ತೆ," ಎಂದ ಅಣ್ಣ. ಮಾತು ತೊದಲಿತ್ತು, ಅತ್ತಿಗೆ ಅದನ್ನು ಜೋರಾಗಿ ತಿರುಗಿ ಹೇಳಿದಳು. ಧಕ್ಕೆಯಲ್ಲಿದ್ದವರು ನಕ್ಕರು. ಅವಳು ದೋಣಿ ಹತ್ತಲಿಲ್ಲ. "ಇದು ನಿಮ್ಮಿಬ್ಬರದು," ಎಂದು ಹಗ್ಗ ಬಿಚ್ಚಿಕೊಟ್ಟಳು.

ತಮ್ಮ ಅಣ್ಣನನ್ನು ಹೊಸ ಕುರ್ಚಿಗೆ ಕೂರಿಸಿ ಬೆಲ್ಟು ಹಾಕಿ, ಎಡ ಅಂಗೈಯನ್ನು ಪಟ್ಟಿಯೊಳಗೆ ತೂರಿಸಿದ. ಎಂಜಿನ್ನಿನ ವೇಗವನ್ನು ಕನಿಷ್ಠದಲ್ಲಿ ನಿಲ್ಲಿಸಿ ಹಿಂದೆ ನಿಂತ. ಅಣ್ಣ ಮೊಣಕೈಯನ್ನು ಒಂದಿಷ್ಟು ಅಲುಗಿಸಿದ. ಚಕ್ರ ತಿರುಗಿತು, ದೋಣಿ ತಿರುಗಿತು. ನಿಂತ ದೋಣಿಗಳ ಸಾಲು, ಐಸ್ ಕಾರ್ಖಾನೆ, ಡೀಸೆಲ್ ಬಂಕು, ತಡೆಗೋಡೆ. ಹನ್ನೊಂದು ನಿಮಿಷ ಅಣ್ಣನೇ ಓಡಿಸಿದ. ಯಾವುದಕ್ಕೂ ತಾಗಿಸಲಿಲ್ಲ.

ಬಂದರಿನ ಬಾಯಿ ದಾಟಿದಾಗ ಮೊದಲ ಅಲೆ ಬಂತು. ದೊಡ್ಡದೇನಲ್ಲ. ದೋಣಿಯ ಮೂತಿ ಎದ್ದು ಇಳಿಯಿತು. ಎರಡನೆಯದು, ಮೂರನೆಯದು. ದೋಣಿ ನೇರವಾಗಿಯೇ ಹೋಗುತ್ತಿತ್ತು. ತಮ್ಮ ಅಂಚಿಗೆ ಬಾಗಿ ಕಕ್ಕಿ, ಬಾಯಿ ಒರೆಸಿಕೊಂಡು ಇತ್ತ ತಿರುಗಿದಾಗ ಅಣ್ಣನ ತಲೆ ಕಂಡಿತು. ಅದು ಎದೆಯ ಮೇಲೆ ಬಿದ್ದಿತ್ತು. ಮೊದಲ ಅಲೆಗೇ ಬಿದ್ದಿರಬೇಕು. ಎತ್ತಲಾಗದೆ ಅವನು ತನ್ನ ಮಂಡಿಗಳನ್ನೇ ನೋಡುತ್ತ ದೋಣಿ ಓಡಿಸುತ್ತಿದ್ದ.

ಮೊಣಕೈ, ಮಂಡಿ, ಅಂಗೈ ಎಲ್ಲವನ್ನೂ ತಮ್ಮ ಅಳೆದಿದ್ದ. ಅಳತೆ ತೆಗೆದ ದಿನ ಕತ್ತು ನೆಟ್ಟಗಿತ್ತು. ಕುರ್ಚಿಗೆ ತಲೆಯ ಆಸರೆ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ತಮ್ಮ ಓಡಿಬಂದು ಎರಡೂ ಕೈಗಳಲ್ಲಿ ತಲೆಯನ್ನು ಹಿಡಿದು ಎತ್ತಿದ.

"ಹೇಳಬಾರದಾ ಅಣ್ಣ?"

"ದಾರಿ ಗೊತ್ತಲ್ಲ," ಎಂದ ಅಣ್ಣ. ಸ್ವಲ್ಪ ತಡೆದು, "ಹಾಗೇ ಹಿಡ್ಕೋ. ಈಗ ಕಾಣ್ತಿದೆ."

ಹಾಗೆಯೇ ಹೋದರು. ಅಣ್ಣ ಓಡಿಸಿದ, ತಮ್ಮ ಹಿಂದೆ ನಿಂತು ತಲೆ ಹಿಡಿದಿದ್ದ. ಅಣ್ಣನ ಗಡ್ಡ ಅಂಗೈಗೆ ಚುಚ್ಚುತ್ತಿತ್ತು. ತಡೆಗೋಡೆಯ ಮರೆ ಮುಗಿದಲ್ಲಿ ಅಲೆಗಳು ಬದಿಯಿಂದ ಬರತೊಡಗಿದವು. ಅಂಥ ಅಲೆಯಲ್ಲಿ ನಿಂತವನು ಏನನ್ನಾದರೂ ಹಿಡಿದುಕೊಳ್ಳಲೇಬೇಕು. ತಮ್ಮ ಎರಡು ಸಲ ಮುಗ್ಗರಿಸಿದ. ಎರಡನೆಯ ಸಲ ಬೀಳದಿರಲು ಕಂಬಿ ಹಿಡಿದಾಗ ಅಣ್ಣ ಪಕ್ಕಕ್ಕೆ ವಾಲಿ, ಅವನ ತಲೆ ಕುರ್ಚಿಯ ತೋಳಿಗೆ ಬಡಿಯಿತು. ಮತ್ತೆ ಹಿಡಿದ. ಹುಬ್ಬಿನ ಮೇಲೆ ಗೀರು ಮೂಡಿತ್ತು.

"ಎಷ್ಟು ಬಂದಿದೀವಿ?" ಎಂದ ಅಣ್ಣ.

"ಒಂದು ಮೈಲಿ ಆಗಿಲ್ಲ."

ಅಣ್ಣ ಮುಂದೆ ನೋಡಿದ. ತಮ್ಮ ಅವನ ತಲೆಯನ್ನು ಮುಂದಕ್ಕೆ ನೋಡುವಂತೆ ಹಿಡಿದಿದ್ದ. ಅಲ್ಲಿ ನೀರಲ್ಲದೆ ಏನೂ ಇರಲಿಲ್ಲ.

"ಆರನೇ ವಾರ ಕತ್ತು ಹೇಗಿತ್ತಣ್ಣ?" ಎಂದು ತಮ್ಮ ಕೇಳಿದ.

"ಚೆನ್ನಾಗಿತ್ತು."

ಎರಡು ಅಲೆ ಹೋದವು.

"ಕೆಲಸ ಚೆನ್ನಾಗಿದೆ ಕಣೋ. ಬೆಣ್ಣೆ ಥರ ತಿರುಗುತ್ತೆ," ಎಂದ ಅಣ್ಣ. ಮೊಣಕೈ ಅಲುಗಿಸಿದ. ದೋಣಿ ಅಗಲವಾಗಿ ಅರ್ಧ ಸುತ್ತು ಬಂದು ಬಂದರಿಗೆ ಮುಖ ಮಾಡಿತು. ಅಲೆಗಳಿಗೆ ಬೆನ್ನು ಕೊಟ್ಟು ದೋಣಿ ತರುವುದರಲ್ಲಿ ಅವನು ಒಂದು ತಪ್ಪೂ ಮಾಡಲಿಲ್ಲ.

ಧಕ್ಕೆಯಲ್ಲಿ ಅತ್ತಿಗೆ ಹಗ್ಗ ಹಿಡಿದಳು. ಗಡಿಯಾರ ನೋಡಿದಳು, ಹುಬ್ಬಿನ ಗೀರು ನೋಡಿದಳು. ಎಂಜಿನ್ನು ನಿಂತಾಗ ಅಣ್ಣನಿಗೆ ನಿದ್ದೆ ಬಂದಿತ್ತು. ಬಾಯಿ ತುಸು ತೆರೆದಿತ್ತು. ಉಸಿರು ತಮ್ಮನ ಕೈಗಳಿಗೆ ತಾಗುತ್ತಿತ್ತು. ಪಕ್ಕದಲ್ಲಿ ಯಾವುದೋ ದೋಣಿ ಹೋದಾಗಲೆಲ್ಲ ಡೆಕ್ಕು ತೂಗುತ್ತಿತ್ತು. ಕೈ ಬಿಟ್ಟರೆ ತಲೆ ಬೀಳುತ್ತದೆ, ಬಿದ್ದರೆ ಎಚ್ಚರವಾಗುತ್ತದೆ.

"ಎತ್ಲಾ?" ಎಂದು ಕ್ರೇನಿನವನು ಮೇಲಿನಿಂದ ಕೂಗಿದ. "ಐದಕ್ಕೆ ನನ್ನ ಡ್ಯೂಟಿ ಮುಗಿಯುತ್ತೆ."

ತಮ್ಮನಿಗೆ ಕೈ ಬೀಸಲಾಗಲಿಲ್ಲ. ಕೂಗಲೂ ಆಗಲಿಲ್ಲ. ಅತ್ತಿಗೆಯ ಕಡೆ ನೋಡಿದ. ಅವಳು ಮೇಲೆ ತಿರುಗಿ, ತುಟಿಗಳ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ತಡೆ ಎಂದು ಸನ್ನೆ ಮಾಡಿದಳು.

ಕ್ರೇನಿನ ಎಂಜಿನ್ನು ಆರಿತು. ಕ್ರೇನಿನವನು ಇಳಿದುಬಂದು ಧಕ್ಕೆಯ ಅಂಚಿನಲ್ಲಿ ಕೂತ. ತಮ್ಮ ತನ್ನ ಕಾಲುಗಳನ್ನು ಸ್ವಲ್ಪ ಅಗಲಿಸಿ, ಮೊಣಕೈಗಳನ್ನು ಕುರ್ಚಿಯ ಬೆನ್ನಿಗೆ ಆನಿಸಿಕೊಂಡು, ಹಾಗೆಯೇ ನಿಂತ.