ಎರಡು ಲೋಟ ಹಾಲಿನ ದಮಯಂತಿ

ದಮಯಂತಿಯ ಬಾಯಲ್ಲಿ 'ಹೋಗ್ತೇನೆ' ಎಂಬ ಮಾತನ್ನು ನಾನು ಕೇಳಿದ್ದೇ ಇಲ್ಲ. ಸಿದ್ಧಕಟ್ಟೆಯ ಶಾಲೆಗೆ ಹೊಸ ಮಾಸ್ತರನಾಗಿ ಬಂದ ದಿನವೇ ಅದರ ಅನುಭವವಾಯಿತು. ವಿದೇಶದಿಂದ ದಾನವಾಗಿ ಬಂದ ಹಾಲಿನ ಹುಡಿಯನ್ನು ಕಲಸಿ ಮಕ್ಕಳಿಗೆ ಹಂಚುತ್ತಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಲೋಟ ಬರಿದುಮಾಡಿ, "ಬರ್ತೇನೆ" ಎಂದು ಹೊರಟವಳು, ಮರುಕ್ಷಣ ಸಾಲಿನ ತುದಿಯಲ್ಲಿ ಮತ್ತೆ ನಿಂತಿದ್ದಳು.

"ಈಗ ಕುಡಿದವಳಲ್ಲವೇ ನೀನು?"

"ಬರ್ತೇನೆ ಅಂತ ಹೇಳಿಯೇ ಹೋದದ್ದಲ್ವಾ ಮಾಷ್ಟ್ರೇ?"

ಎರಡನೆಯ ಲೋಟ ಕೊಡದೆ ಉಪಾಯವಿರಲಿಲ್ಲ.

ಯಾರೋ ಕರೆದರೆಂಬ ಅವಸರದಲ್ಲಿ, ಹಿಮ್ಮಡಿ ನೆಲಕ್ಕೆ ಸೋಕದಂತೆ ನಡೆಯುವ ಆ ಹುಡುಗಿ ಮುಂದೆ ದಾದಿಯಾಗಿ, ಹಾಲಿನ ಹುಡಿ ಕಳಿಸಿದ ಚಳಿದೇಶಕ್ಕೇ ವೃದ್ಧರ ಆರೈಕೆಗೆಂದು ಹೋದಳು. ಅಲ್ಲಿ ಅವಳು ಮೀಯಿಸಿ ಉಣಿಸುತ್ತಿದ್ದ ಅಜ್ಜಿಯೊಬ್ಬರು, ತಾವು ಟೀಚರಾಗಿದ್ದಾಗ ಇಂಡಿಯಾದ ಮಕ್ಕಳ ಹಾಲಿಗೆಂದು ಡಬ್ಬಿ ಹಿಡಿದು ಚಂದಾ ಎತ್ತಿದ್ದನ್ನು ನೆನೆದರಂತೆ. "'ಅದನ್ನು ಕುಡಿದದ್ದು ನಾನೇ ಅಜ್ಜಿ, ಎರಡು ಲೋಟ' ಅಂದೆ. ಅವರಿಗೆ ನಗು ನಿಲ್ಲಲೇ ಇಲ್ಲ ಮಾಷ್ಟ್ರೇ."

ಈಗ ಅವಳಿಗೇ ಅರುವತ್ತಾರು. ಮನೆ, ಮದ್ದು, ಪಿಂಚಣಿ ಎಲ್ಲವನ್ನೂ ಆ ಸರ್ಕಾರವೇ ನೋಡಿಕೊಳ್ಳುತ್ತದೆ, ಅಲ್ಲಿಯೇ ವಾಸವಿದ್ದರೆ ಮಾತ್ರ. ಇತ್ತ ವಾಮದಪದವಿನಿಂದ ತಂಗಿ ಮೋಹಿನಿ, "ಸಾಕು ಅಕ್ಕ, ಬಂದುಬಿಡು. ಒಟ್ಟಿಗೆ ಗಂಜಿ ಉಣ್ಣುವ" ಎಂದು ಪ್ರತಿವಾರ ಫೋನಿನಲ್ಲಿ ಕರೆಯುತ್ತಾಳೆ. ಕಳೆದ ವರ್ಷ ಮನಸ್ಸು ಗಟ್ಟಿಮಾಡಿ, ಎಲ್ಲವನ್ನೂ ಬಿಟ್ಟು ಊರಿಗೆ ಮರಳುವೆನೆಂದು ಬರೆದುಕೊಡಲು ಅಲ್ಲಿನ ಕಚೇರಿಗೆ ಹೋದಳು. ಅರ್ಜಿ ಕೊಟ್ಟು ಕುರ್ಚಿಯಿಂದ ಏಳುವಾಗ, ಅಭ್ಯಾಸಬಲದಿಂದ, ಆ ದೇಶದ ಭಾಷೆಯಲ್ಲೇ "ಬರ್ತೇನೆ" ಎಂದುಬಿಟ್ಟಳು. ಮೇಜಿನಾಚೆಯ ಗುಮಾಸ್ತೆ, "ಬರುವುದಾದರೆ ಇದೇಕೆ?" ಎಂದು ಅರ್ಜಿಯನ್ನು ಹಿಂದಕ್ಕೆ ಕೊಟ್ಟಳಂತೆ.

"ಅದು ನಮ್ಮ ಊರಿನ ಕ್ರಮದ ಮಾತು ಅಂತ ಹೇಳ್ಬಾರ್ದಿತ್ತಾ ಮಾರಾಯ್ತಿ?" ಎಂದೆ.

"ಹೇಳ್ಲಿಕ್ಕೆ ಹೊರಟವಳು ಅರ್ಜಿಯನ್ನು ಮಡಚಿ ಇಟ್ಟುಕೊಂಡೆ ಮಾಷ್ಟ್ರೇ. ಅಲ್ಲಿಯೂ ನನ್ನದು ಇಪ್ಪತ್ತೆಂಟು ವರ್ಷ ಉಂಟಲ್ಲ."

ಆ ಅರ್ಜಿ ಈಗಲೂ ಅವಳ ಬೂದು ಕೋಟಿನ ಒಳಜೇಬಿನಲ್ಲಿದೆ. ನಮ್ಮ ಸೆಕೆಯಲ್ಲೂ ಕೋಟನ್ನು ತೋಳಿನಿಂದ ಇಳಿಸುವುದಿಲ್ಲ.

ವರ್ಷಕ್ಕೆ ಆರು ವಾರ ಊರಿಗೆ ಬರುತ್ತಾಳೆ. ಈ ದಿನಗಳಲ್ಲಿ ಬೆಳಗ್ಗೆ ಅದೇ ಶಾಲೆಯ ಜಗಲಿಯಲ್ಲಿ ಕುಳಿತು, ನಮ್ಮದೇ ಸರ್ಕಾರ ಕೊಡುವ ಹಾಲಿನ ಹುಡಿಯನ್ನು ಗಂಟಾಗದಂತೆ ಕಲಸುತ್ತಾಳೆ. ಎರಡನೆಯ ಸಲ ಬಂದ ಮಕ್ಕಳನ್ನು ಕಂಡರೂ ಕಾಣದವಳಂತೆ ಲೋಟ ತುಂಬುತ್ತಾಳೆ. ನಾಡಿದ್ದು ವಿಮಾನ. 'ಬರುತ್ತೇನೆ' ಎಂಬುದು ವರ್ತಮಾನಕಾಲವೆಂದು ಅವಳಿಗೆ ಕಲಿಸಿದವನು ನಾನೇ. ಎರಡು ನೆಲಗಳ ಅನ್ನ ಉಂಡವರ ಬಾಯಲ್ಲಿ ಆ ಕ್ರಿಯಾಪದಕ್ಕೆ ಕಾಲವೇ ಇಲ್ಲ. ಯಾವ ಬಾಗಿಲಲ್ಲಿ ನಿಂತು ಆಡಿದರೂ, ಅದು ಬಿಟ್ಟುಹೋಗುವ ಮನೆಗೆ ಕೊಟ್ಟ ಮಾತು.